ಮಕ್ಕಳಿಗೆ ಯಾವ ಪುಸ್ತಕ ಕೊಡಲಿ? ಗೆಳೆತನ, ಧೈರ್ಯ, ದೊಡ್ಡವರಾಗುವ ಕತೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಮಕ್ಕಳ ಪುಸ್ತಕದ ಮಾತು ಎರಡು ಹೊತ್ತಲ್ಲಿ ಜೋರಾಗುತ್ತದೆ. ಒಂದು ಬೇಸಿಗೆ ರಜೆ, ಇನ್ನೊಂದು ಮಳೆ ರಜೆ. ನಾಳೆ ಶಾಲೆಗೆ ರಜೆ ಅಂತ ಜಿಲ್ಲಾಧಿಕಾರಿಗಳ ಮೆಸೇಜು ಬಂದ ಕೂಡಲೇ ಮಕ್ಕಳಿಗೆ ಹಬ್ಬ. ಮರುದಿನ ಹತ್ತು ಗಂಟೆಯ ಹೊತ್ತಿಗೆ ಅಮ್ಮಂದಿರ ಫೋನು ಶುರು. ನಮ್ಮ ಮನೆಯ ಕಪಾಟಿನಿಂದ ಆಚೀಚೆ ಮನೆಯ ಮಕ್ಕಳಿಗೆ ಪುಸ್ತಕ ಕೊಡುವ ರೂಢಿ ನನಗಿದೆ. ಹಾಗಾಗಿ ಪ್ರಶ್ನೆಗಳೂ ನನ್ನ ಹತ್ತಿರವೇ ಬರುತ್ತವೆ. ಹೆಚ್ಚು ಸಲ ಕೇಳಿದವು ಇಲ್ಲಿವೆ. ಎಲ್ಲವೂ ಕನ್ನಡದ ಪುಸ್ತಕಗಳಲ್ಲ. ಹೊರದೇಶದ ಕೆಲವನ್ನು ಇಂಗ್ಲಿಷಿನಲ್ಲೇ ಓದಬೇಕಾಗುತ್ತದೆ, ಇಲ್ಲವೇ ನೀವೇ ಓದಿ ಕತೆ ಹೇಳಬೇಕಾಗುತ್ತದೆ.

ಒಂದೇ ಒಂದು ಪುಸ್ತಕ ಕೊಳ್ಳುವುದಾದರೆ ಯಾವುದು?

ತೊತ್ತೊ-ಚಾನ್. ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯವನ್ನೇ ಬರೆದ ಪುಸ್ತಕ ಇದು. 1981ರಲ್ಲಿ ಬಂತು. ಕನ್ನಡದಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ತಂದಿದೆ.

ಒಂದನೇ ಕ್ಲಾಸಿನಲ್ಲೇ ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿ ಈ ತೊತ್ತೊ-ಚಾನ್. ಮಾಡಿದ ತಪ್ಪಾದರೂ ಎಂತ? ಡೆಸ್ಕಿನ ಮುಚ್ಚಳವನ್ನು ಮತ್ತೆ ಮತ್ತೆ ತೆಗೆದು ಮುಚ್ಚುವುದು, ಕಿಟಕಿ ಹತ್ತಿರ ನಿಂತು ಬೀದಿಯಲ್ಲಿ ಹೋಗುವ ವಾದ್ಯದವರನ್ನು ಕೂಗಿ ಕರೆಯುವುದು. ಅಮ್ಮ ಅವಳನ್ನು ತೊಮೊಯೆ ಎಂಬ ಬೇರೆ ಶಾಲೆಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಹಳೇ ರೈಲು ಡಬ್ಬಿಗಳೇ ಕ್ಲಾಸ್ ರೂಮು. ಹೆಡ್‌ಮಾಸ್ಟರ್ ಕೊಬಾಯಾಶಿ ಮೊದಲ ದಿನ ಅವಳನ್ನು ಎದುರಿಗೆ ಕೂರಿಸಿಕೊಂಡು, ನಿನಗೆ ಹೇಳಬೇಕು ಅನಿಸಿದ್ದನ್ನೆಲ್ಲ ಹೇಳು ಅನ್ನುತ್ತಾರೆ. ನಾಲ್ಕು ಗಂಟೆ ಹೊತ್ತು ಕೇಳುತ್ತಾರೆ. ಒಂದು ಸಲವೂ ಆಕಳಿಸುವುದಿಲ್ಲ.

ಮಕ್ಕಳು ಬಿದ್ದು ಬಿದ್ದು ನಗುವುದು ಪರ್ಸಿನ ಪ್ರಸಂಗಕ್ಕೆ. ಅವಳ ಇಷ್ಟದ ಪರ್ಸು ಕಕ್ಕಸು ಗುಂಡಿಗೆ ಬೀಳುತ್ತದೆ. ಅವಳು ಹೊರಗೆ ಹೋಗಿ, ಗುಂಡಿಯ ಮುಚ್ಚಳ ತೆಗೆದು, ಉದ್ದ ಹಿಡಿಯ ಸೌಟಿನಂಥದ್ದರಲ್ಲಿ ಒಳಗಿದ್ದದ್ದನ್ನು ಎತ್ತಿ ಎತ್ತಿ ಪಕ್ಕಕ್ಕೆ ರಾಶಿ ಹಾಕುತ್ತಾಳೆ. ಹೆಡ್‌ಮಾಸ್ಟರ್ ಆ ದಾರಿಯಲ್ಲೇ ಬರುತ್ತಾರೆ. ಬೈಯುವುದಿಲ್ಲ. ಮೂಗು ಮುಚ್ಚಿಕೊಳ್ಳುವುದೂ ಇಲ್ಲ. ಮುಗಿದ ಮೇಲೆ ಎಲ್ಲವನ್ನೂ ವಾಪಸು ಹಾಕುತ್ತೀಯಲ್ಲ ಅಂತ ಮಾತ್ರ ಕೇಳಿ ಹೋಗುತ್ತಾರೆ. ಪರ್ಸು ಸಿಗುವುದಿಲ್ಲ. ಆದರೆ ರಾಶಿಯನ್ನು ಅವಳು ವಾಪಸು ಹಾಕುತ್ತಾಳೆ. ದೊಡ್ಡವಳಾಗುವುದು ಅಂದರೆ ಏನು ಅಂತ ಮಗುವಿಗೆ ನಾವು ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯ ಅಂತ ನನಗೆ ಅನಿಸುವುದಿಲ್ಲ.

ಗೆಳೆತನವೂ ಇದರಲ್ಲೇ ಇದೆ. ಪೋಲಿಯೋ ಆದ ಯಾಸುವಾಕಿ-ಚಾನ್‌ನನ್ನು ಅವಳು ತನ್ನ ಮರಕ್ಕೆ ಹತ್ತಿಸುತ್ತಾಳೆ. ಏಣಿ ತಂದು, ತಳ್ಳಿ, ಎಳೆದು, ಬೆವರಿಳಿಸಿ ಹತ್ತಿಸುತ್ತಾಳೆ. ದೊಡ್ಡವರಿಗೆ ಹೇಳುವುದೇ ಇಲ್ಲ. ಹೇಳಿದ್ದರೆ ಯಾರೂ ಬಿಡುತ್ತಿರಲಿಲ್ಲ, ಅಲ್ವಾ?

ಯಾವ ವಯಸ್ಸಿಗೆ ಯಾವುದು?

ಪುಸ್ತಕದ ಹಿಂದೆ ಬರೆದ ವಯಸ್ಸನ್ನು ಜಾಸ್ತಿ ನಂಬಬೇಡಿ. ಮಗು ತಾನೇ ಓದುವುದಾದರೆ ಒಂದು ಲೆಕ್ಕ, ನೀವು ಓದಿ ಹೇಳುವುದಾದರೆ ಇನ್ನೊಂದು ಲೆಕ್ಕ. ಓದಿ ಹೇಳುವಾಗ ಎರಡು ಮೂರು ವರ್ಷ ಮುಂದಿನ ಪುಸ್ತಕವೂ ನಡೆಯುತ್ತದೆ. ಆರು ವರ್ಷದವರಿಗೆ ಪಂಜೆಯವರ ಕತೆ, ಎಂಟಕ್ಕೆ ತೊತ್ತೊ-ಚಾನ್, ಹತ್ತು ಹನ್ನೊಂದಕ್ಕೆ ಯುದ್ಧದ ಕತೆಗಳು, ಹೈಸ್ಕೂಲಿಗೆ ತೇಜಸ್ವಿ, ನಿರಂಜನ. ನನ್ನ ಅಂದಾಜು ಇಷ್ಟೇ.

ನಮ್ಮ ಮಗ ಯಕ್ಷಗಾನ ಕಲಿಯುತ್ತಿದ್ದಾನೆ. ಅಭಿಮನ್ಯು, ಬಬ್ರುವಾಹನ, ಸುಧನ್ವ ಎಲ್ಲ ಬಾಯಿಪಾಠ. ಧೈರ್ಯದ ಕತೆಗೆ ಹೊರದೇಶಕ್ಕೆ ಯಾಕೆ ಹೋಗಬೇಕು?

ಹೋಗಲೇಬೇಕು ಅಂತಿಲ್ಲ. ಆದರೆ ಅಭಿಮನ್ಯುವಿನ ವೇಷ ಕಟ್ಟಿದ ಹುಡುಗನಿಗೆ ಲೋಯಿಸ್ ಲೌರಿ ಬರೆದ 'ನಂಬರ್ ದ ಸ್ಟಾರ್ಸ್' ಕೊಟ್ಟು ನೋಡಿ. 1989ರ ಪುಸ್ತಕ. ಮರುವರ್ಷ ಅದಕ್ಕೆ ಮಕ್ಕಳ ಪುಸ್ತಕಗಳಿಗೆ ಕೊಡುವ ಅಮೆರಿಕದ ನ್ಯೂಬೆರಿ ಪದಕ ಬಂತು.

ಕತೆ ನಡೆಯುವುದು 1943ರ ಡೆನ್ಮಾರ್ಕಿನಲ್ಲಿ. ಊರಿನ ತುಂಬ ಜರ್ಮನ್ ಸೈನಿಕರು. ಹತ್ತು ವರ್ಷದ ಆನ್‌ಮರಿಯ ಜೀವದ ಗೆಳತಿ ಎಲೆನ್ ಯಹೂದಿ. ಯಹೂದಿಗಳನ್ನು ಹಿಡಿದುಕೊಂಡು ಹೋಗುತ್ತಾರೆ ಅಂತ ಸುದ್ದಿ ಬರುತ್ತದೆ. ಎಲೆನ್‌ಳನ್ನು ಇವರ ಮನೆಯಲ್ಲೇ, ಇವರ ಮಗಳು ಅಂತ ಹೇಳಿ ಇಟ್ಟುಕೊಳ್ಳುತ್ತಾರೆ. ರಾತ್ರಿ ಸೈನಿಕರು ಬಾಗಿಲು ಬಡಿಯುತ್ತಾರೆ. ಎಲೆನ್ ಕತ್ತಿನಲ್ಲಿ ಯಹೂದಿಗಳ ನಕ್ಷತ್ರದ ಸರ ಇದೆ, ಕೊಂಡಿ ಬಿಚ್ಚಲು ಹೊತ್ತಿಲ್ಲ. ಆನ್‌ಮರಿ ಅದನ್ನು ಎಳೆದು ಕಿತ್ತು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ. ಸೈನಿಕರು ಹೋದ ಮೇಲೆ ಅಂಗೈ ಬಿಡಿಸಿದರೆ ನಕ್ಷತ್ರದ ಗುರುತು ಅಚ್ಚೊತ್ತಿರುತ್ತದೆ.

ಅವಳ ಮಾವ ಮೀನುಗಾರ. ಅವನ ದೋಣಿಯಲ್ಲಿ ಯಹೂದಿಗಳನ್ನು ಬಚ್ಚಿಟ್ಟು ಕಡಲಿನ ಆಚೆ ಸ್ವೀಡನ್ನಿಗೆ ದಾಟಿಸುತ್ತಾರೆ. ಮಲ್ಪೆ, ಉಳ್ಳಾಲದ ಮಕ್ಕಳಿಗೆ ಈ ಭಾಗ ಯಾರೂ ವಿವರಿಸಬೇಕಾಗಿಲ್ಲ. ದೋಣಿಯ ಒಳಗೆ ಎಲ್ಲಿ ಜಾಗ ಇರುತ್ತದೆ, ಮೀನಿನ ವಾಸನೆ ಹೇಗಿರುತ್ತದೆ ಅಂತ ಅವರೇ ನಮಗೆ ಹೇಳುತ್ತಾರೆ.

ಈಗ ಅಭಿಮನ್ಯುವಿನ ವಿಷಯ. ಚಕ್ರವ್ಯೂಹದ ಒಳಗೆ ಹೋಗುವುದು ಅವನಿಗೆ ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ. ಆನ್‌ಮರಿಗೂ ಅರ್ಧವೇ ಗೊತ್ತು. ಬುಟ್ಟಿಯಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು ಕಾಡಿನ ದಾರಿಯಲ್ಲಿ ಮಾವನ ದೋಣಿಯವರೆಗೆ ಓಡಬೇಕು. ಪೊಟ್ಟಣದಲ್ಲಿ ಏನಿದೆ ಅಂತ ಯಾರೂ ಹೇಳಿಲ್ಲ. ಎಲ್ಲ ಗೊತ್ತಿಲ್ಲದಿದ್ದರೇ ಧೈರ್ಯ ಸುಲಭ ಅಂತ ಮಾವ ಬೇಕೆಂದೇ ಮುಚ್ಚಿಟ್ಟಿರುತ್ತಾನೆ. ನಾಯಿಗಳನ್ನು ಹಿಡಿದ ಸೈನಿಕರು ಅಡ್ಡ ಹಾಕಿದಾಗ ಅವಳು ಏನೂ ತಿಳಿಯದ ಪುಟ್ಟ ಹುಡುಗಿಯ ಹಾಗೆ ಅತ್ತು, ಬಡಬಡಿಸಿ ಪಾರಾಗುತ್ತಾಳೆ. ಒಬ್ಬನ ಅರ್ಧ ತಿಳಿವಳಿಕೆ ಅವನ ಜೀವ ತೆಗೆಯಿತು, ಇನ್ನೊಬ್ಬಳದು ಒಂದು ದೋಣಿಯ ತುಂಬ ಜನರ ಜೀವ ಉಳಿಸಿತು. ಇದನ್ನು ಮಕ್ಕಳ ಎದುರು ಇಟ್ಟು ಸುಮ್ನೆ ಕೂತುಕೊಳ್ಳಿ. ಚರ್ಚೆ ತಾನಾಗಿ ಶುರುವಾಗುತ್ತದೆ.

ಒಟ್ಟಿನಲ್ಲಿ ನನ್ನ ಅಳತೆಗೋಲು ಒಂದೇ. ಧೈರ್ಯದ ಪುಸ್ತಕ ಅಂದರೆ ಅದರಲ್ಲಿ ಮಗುವೇ ಏನಾದರೂ ನಿರ್ಧಾರ ಮಾಡಿರಬೇಕು. ಕೊನೆಗೆ ಅಪ್ಪನೋ ಪೊಲೀಸರೋ ಬಂದು ಬಿಡಿಸಿಕೊಂಡು ಹೋದರೆ ಅದು ಅಪ್ಪನ ಕತೆ, ಪೊಲೀಸರ ಕತೆ.

ಸಾವು ಬರುವ ಪುಸ್ತಕ ಮಕ್ಕಳಿಗೆ ಕೊಡಬಹುದಾ?

ಕೊಡಬಹುದು. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದರೆ ಮಾತ್ರ ಸ್ವಲ್ಪ ತಡೆಯಿರಿ, ಮಗುವೇ ಕೇಳುವವರೆಗೆ.

ಇ.ಬಿ. ವೈಟ್ ಅವರ 'ಷಾರ್ಲೆಟ್ಸ್ ವೆಬ್', 1952ರದ್ದು. ಕ್ರಿಸ್‌ಮಸ್ ಹೊತ್ತಿಗೆ ತನ್ನನ್ನು ಕಡಿಯುತ್ತಾರೆ ಅಂತ ಗೊತ್ತಾದ ಹಂದಿಮರಿ ವಿಲ್ಬರ್ ಹೆದರಿ ಅಳುತ್ತಾನೆ. ಅವನನ್ನು ಉಳಿಸುವುದು ಬಾಗಿಲ ಮೇಲೆ ಬಲೆ ಕಟ್ಟಿದ ಜೇಡ. ಬಲೆಯಲ್ಲೇ ಹಂದಿಯ ಗುಣಗಾನ ಬರೆಯುತ್ತಾಳೆ. ಜನ ಮುಗಿಬಿದ್ದು ನೋಡಲು ಬರುತ್ತಾರೆ. ಹಂದಿ ಉಳಿಯುತ್ತದೆ, ಜೇಡ ಸಾಯುತ್ತಾಳೆ. ಅವಳ ಮೊಟ್ಟೆಗಳ ಚೀಲವನ್ನು ವಿಲ್ಬರ್ ಬಾಯಲ್ಲಿಟ್ಟುಕೊಂಡು ಜೋಪಾನವಾಗಿ ಮನೆಗೆ ತರುತ್ತಾನೆ. ವೈಟ್ ತಮ್ಮ ಹಳ್ಳಿಮನೆಯಲ್ಲಿ ಜೇಡವೊಂದು ಮೊಟ್ಟೆಚೀಲ ನೇಯುವುದನ್ನು ಕೂತು ನೋಡಿದವರು, ಆಮೇಲೆ ಆ ಚೀಲವನ್ನು ನ್ಯೂಯಾರ್ಕಿನ ಮನೆಗೂ ಕೊಂಡುಹೋದವರು. ಹಾಗಾಗಿ ಜೇಡದ ವಿವರಗಳು ಗಟ್ಟಿಯಾಗಿವೆ.

ಒಂದು ಎಚ್ಚರಿಕೆ. ಭಾನುವಾರ ಪೋರ್ಕ್ ಬಫಾತ್ ಮಾಡುವ ಮನೆಯಲ್ಲಿ ಈ ಪುಸ್ತಕವನ್ನು ಶನಿವಾರ ರಾತ್ರಿ ಮುಗಿಸಬೇಡಿ. ಊಟದ ಮೇಜಿನಲ್ಲಿ ವಿಚಾರಣೆ ನಡೆಯುತ್ತದೆ!

ಸ್ವಲ್ಪ ದೊಡ್ಡವರಿಗೆ ಕ್ಯಾಥರಿನ್ ಪ್ಯಾಟರ್ಸನ್ ಅವರ 'ಬ್ರಿಡ್ಜ್ ಟು ಟೆರಬಿಥಿಯಾ', 1977. ಒಬ್ಬ ಹುಡುಗ, ಒಬ್ಬಳು ಹುಡುಗಿ, ಹಳ್ಳದ ಆಚೆ ಅವರಿಬ್ಬರ ಗುಟ್ಟಿನ ರಾಜ್ಯ. ಮಳೆಗೆ ಹಳ್ಳ ತುಂಬಿದ ದಿನ ಹುಡುಗಿ ಒಬ್ಬಳೇ ಹೋಗುತ್ತಾಳೆ, ಹಿಡಿದು ಜೀಕುವ ಹಗ್ಗ ತುಂಡಾಗುತ್ತದೆ. ಲೇಖಕಿಯ ಮಗನ ಗೆಳತಿ ಎಂಟು ವರ್ಷದವಳಿದ್ದಾಗ ಸಿಡಿಲಿಗೆ ಬಲಿಯಾದಳು. ಆ ದುಃಖದಿಂದಲೇ ಹುಟ್ಟಿದ ಪುಸ್ತಕ ಇದು. ಹನ್ನೊಂದು ಹನ್ನೆರಡು ವರ್ಷಕ್ಕಿಂತ ಮೊದಲು ಬೇಡ. ಕೊಟ್ಟ ಮೇಲೆ ಆ ದಿನ ನೀವು ಮನೆಯಲ್ಲಿರಿ.

ದುಬೈಯಿಂದ ಊರಿಗೆ ವಾಪಸು ಬಂದೆವು. ಮಗಳಿಗೆ ಇಲ್ಲಿ ಯಾರೂ ಗೆಳತಿಯರಿಲ್ಲ, ದಿನಾ ಅಳು. ಯಾವ ಪುಸ್ತಕ?

ಹೈಡಿ. ಸ್ವಿಟ್ಜರ್ಲೆಂಡಿನ ಯೊಹಾನ್ನಾ ಸ್ಪೀರಿ 1880–81ರಲ್ಲಿ ಬರೆದದ್ದು. ಹಳೆಯದು ಅಂತ ಬದಿಗಿಡಬೇಡಿ. ಬೆಟ್ಟದ ಮೇಲೆ ಅಜ್ಜನ ಜೊತೆ, ಆಡುಗಳ ಜೊತೆ ಬೆಳೆದ ಹುಡುಗಿಯನ್ನು ಫ್ರಾಂಕ್‌ಫರ್ಟಿನ ದೊಡ್ಡ ಮನೆಗೆ ತಂದು ಬಿಡುತ್ತಾರೆ. ಅಲ್ಲಿ ಗಾಲಿಕುರ್ಚಿಯಲ್ಲಿ ಕೂತ ಕ್ಲಾರಾಳಿಗೆ ಜೊತೆಯಾಗಬೇಕು. ಕ್ಲಾರಾ ಒಳ್ಳೆಯವಳೇ, ಆದರೂ ಹೈಡಿಗೆ ಊರಿನ ಹಂಬಲ. ಹೊರಗೆ ತೋರಿಸಿಕೊಳ್ಳುವುದಿಲ್ಲ, ರಾತ್ರಿ ನಿದ್ದೆಯಲ್ಲಿ ಎದ್ದು ನಡೆಯುತ್ತಾಳೆ. ಊರಲ್ಲಿ ಹಲ್ಲಿಲ್ಲದ ಅಜ್ಜಿಯೊಬ್ಬಳಿಗೆ ಗಟ್ಟಿ ರೊಟ್ಟಿ ಅಗಿಯಲು ಆಗುವುದಿಲ್ಲ ಅಂತ, ಊಟದಲ್ಲಿ ಕೊಟ್ಟ ಮೆತ್ತಗಿನ ಬನ್ನುಗಳನ್ನು ಬಟ್ಟೆಯ ಕಪಾಟಿನಲ್ಲಿ ಕೂಡಿಡುತ್ತಾಳೆ. ಮನೆಯ ಮೇಲ್ವಿಚಾರಕಿ ನೋಡಿ ಬಿಸಾಡಿಸುತ್ತಾಳೆ. ಆ ಪುಟ ಓದುವಾಗ ನಿಮ್ಮ ಮಗಳು ಏನಾದರೂ ಹೇಳಬಹುದು, ಏನೂ ಹೇಳದೆಯೂ ಇರಬಹುದು. ಒತ್ತಾಯ ಮಾಡಬೇಡಿ.

ಹಾಗೇ, ಪುಸ್ತಕ ಒಂದೇ ಸಾಲದು. ಪಕ್ಕದ ಮನೆಯ ಮಗುವನ್ನು ಸಂಜೆ ಗೋಳಿಬಜೆಗೆ ಕರೆಯಿರಿ.

ಮಗನನ್ನು ಗೆಳೆಯರು ಗುಂಪಿನಿಂದ ಹೊರಗಿಟ್ಟಿದ್ದಾರೆ. ಶಾಲೆಯಲ್ಲಿ ಛೇಡಿಸುತ್ತಾರೆ.

ಮೊದಲು ಶಾಲೆಯಲ್ಲಿ ಮಾತಾಡಿ. ಪುಸ್ತಕ ಆಮೇಲೆ.

ಆರ್.ಜೆ. ಪಲಾಸಿಯೊ ಅವರ 'ವಂಡರ್', 2012. ಮುಖ ಬೇರೆಯವರ ಹಾಗಿಲ್ಲದ ಆಗಸ್ಟ್ ಐದನೇ ತರಗತಿಗೆ ಮೊದಲ ಸಲ ಶಾಲೆಗೆ ಹೋಗುತ್ತಾನೆ. ಹಬ್ಬದ ವೇಷದಲ್ಲಿ ಮುಖ ಮುಚ್ಚಿಕೊಂಡಿದ್ದಾಗ, ತನ್ನ ಗೆಳೆಯನೇ ತನ್ನ ಬಗ್ಗೆ ಕೆಟ್ಟದಾಗಿ ಆಡಿದ ಮಾತು ಕಿವಿಗೆ ಬೀಳುತ್ತದೆ. ಪುಸ್ತಕದ ಒಳ್ಳೆಯ ಗುಣ ಅಂದರೆ ಅದೇ ಗೆಳೆಯನ ಬಾಯಲ್ಲೂ, ಅಕ್ಕನ ಬಾಯಲ್ಲೂ ಕತೆ ಬರುತ್ತದೆ. ಛೇಡಿಸಿಕೊಂಡ ಮಗುವಿಗಿಂತ, ಛೇಡಿಸುವಾಗ ಸುಮ್ಮನೆ ನಿಂತು ನೋಡುವ ಮಕ್ಕಳಿಗೆ ಇದು ಹೆಚ್ಚು ಬೇಕು ಅಂತ ನನ್ನ ಅಭಿಪ್ರಾಯ.

ಜಗಳವಾಡಿ ರಾಜಿಯಾಗಿ ಮತ್ತೆ ಜಗಳವಾಡುವ ಗೆಳೆತನ ಬೇಕಾದರೆ ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್', 1935. ಶಂಕರ್‌ನಾಗ್ ಮಾಲ್ಗುಡಿಯನ್ನು ಟಿ.ವಿ.ಗೆ ತಂದಾಗ ಚಿತ್ರೀಕರಣ ಮಾಡಿದ್ದು ಆಗುಂಬೆಯಲ್ಲಿ. ಉಡುಪಿಯಿಂದ ಸೋಮೇಶ್ವರದ ಘಾಟಿ ಹತ್ತಿದರೆ ಸಿಕ್ಕಿತು. ಧಾರಾವಾಹಿ ನೋಡಿ ನಕ್ಕವರು ಪುಸ್ತಕದ ಕೊನೆಯನ್ನು ಒಮ್ಮೆ ಓದಬೇಕು. ಸ್ವಾಮಿ ಕ್ರಿಕೆಟ್ ಪಂದ್ಯಕ್ಕೆ ಕೈಕೊಟ್ಟಿದ್ದಾನೆ, ಗೆಳೆಯ ರಾಜಮ್ ಮಾತು ಬಿಟ್ಟಿದ್ದಾನೆ, ಈಗ ಊರನ್ನೇ ಬಿಟ್ಟು ಹೊರಟಿದ್ದಾನೆ. ಸ್ಟೇಷನ್ನಿನಲ್ಲಿ ಸ್ವಾಮಿ ಅವನಿಗೆ ಆಂಡರ್ಸನ್ ಕತೆಗಳ ಪುಸ್ತಕ ಕೊಡುತ್ತಾನೆ. ರೈಲು ಹೊರಟೇಬಿಡುತ್ತದೆ. ರಾಜಮ್ ಕ್ಷಮಿಸಿದನೋ ಇಲ್ಲವೋ ಸ್ವಾಮಿಗೂ ಖಾತ್ರಿಯಿಲ್ಲ, ನಮಗೂ ಇಲ್ಲ. ಮಕ್ಕಳಿಗೆ ಇಂಥ ಕೊನೆ ಅರ್ಥವಾಗುವುದಿಲ್ಲ ಅನ್ನುವವರು ಮಕ್ಕಳ ಜೊತೆ ಓದಿ ನೋಡಿಲ್ಲ.

ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಪುಸ್ತಕ ಮುಟ್ಟುವುದೇ ಇಲ್ಲ. ಏನು ಮಾಡುವುದು?

ಇದು ನಮ್ಮ ಊರಿನ ನಂಬರ್ ಒನ್ ಪ್ರಶ್ನೆ. ಕೊಂಕಣಿ, ಬ್ಯಾರಿ ಮಾತಾಡುವ ಮನೆಯವರೂ ಇದನ್ನೇ ಕೇಳುತ್ತಾರೆ.

ನೀವು ಕನ್ನಡದಲ್ಲಿ ಗಟ್ಟಿಯಾಗಿ ಓದಿ, ನಡುನಡುವೆ ಮಾತು ತುಳುವಿನಲ್ಲೇ ಆಗಲಿ. "ದಾಯೆ?" (ಯಾಕೆ?) ಅಂತ ಮಗು ಕೇಳಿದರೆ ತುಳುವಿನಲ್ಲೇ ಉತ್ತರ ಕೊಡಿ. ಓದಿಸಿ ಓದಿಸಿ ತಪ್ಪು ತಿದ್ದಬೇಡಿ, ಅದು ಟ್ಯೂಷನ್ ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಒಮ್ಮೆ ಓದಿದ ಕತೆ ಕನ್ನಡದಲ್ಲಿ ಸಿಕ್ಕರೆ ಇನ್ನೂ ಸುಲಭ. ಮುಂದೆ ಏನಾಗುತ್ತದೆ ಅಂತ ಗೊತ್ತಿರುವುದರಿಂದ ಮಗು ತಡವರಿಸುವುದಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಇದಕ್ಕೆ ಒಳ್ಳೆ ಅನುಕೂಲ ಇದೆ. 2015ರಲ್ಲಿ ಶುರುವಾದದ್ದು. ಒಂದೇ ಚಿತ್ರಪುಸ್ತಕ ಹಲವು ಭಾಷೆಗಳಲ್ಲಿ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಇಳಿಸಿಕೊಂಡು ಪ್ರಿಂಟ್ ಹಾಕಬಹುದು.

ಅಜ್ಜಿಗೆ ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಪಾಡ್ದನ, ಅಂದರೆ ತುಳುವಿನ ಹಾಡುಗತೆ, ಬರುತ್ತದೆಯಾ? ಹಾಗಾದರೆ ಮೊದಲು ಅದನ್ನು ಕೇಳಿಸಿ. ಪಂಜೆ ಮಂಗೇಶರಾಯರು ಅದೇ ಕತೆಯನ್ನು ಕನ್ನಡ ಗದ್ಯದಲ್ಲಿ ಬರೆದಿದ್ದಾರೆ. ಕಿವಿಯಲ್ಲಿ ಇರುವ ಕತೆ ಕಣ್ಣಿಗೆ ಬೇಗ ಹತ್ತುತ್ತದೆ.

ನಮ್ಮ ಕರಾವಳಿಯವರು ಮಕ್ಕಳಿಗೆ ಬರೆದದ್ದು ಏನುಂಟು?

ಕೇಳಿದ್ದು ಒಳ್ಳೆಯದಾಯಿತು. ಪಂಜೆಯವರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ನಾಗರಹಾವಿನ ಪದ್ಯ ಎಲ್ಲರಿಗೂ ಗೊತ್ತು. 'ಸಿಗಡಿ ಯಾಕೆ ಒಣಗಲಿಲ್ಲ?' ಅಂತ ಅವರ ಒಂದು ಕತೆ ಇದೆ. ಒಬ್ಬರು ಇನ್ನೊಬ್ಬರ ಮೇಲೆ, ಅವರು ಮತ್ತೊಬ್ಬರ ಮೇಲೆ ತಪ್ಪು ಹೊರಿಸುತ್ತಾ ಹೋಗುವ ಸರಪಳಿ ಕತೆ. ಅಂಗಳದಲ್ಲಿ ಸಿಗಡಿ ಒಣಗಿಸುವ ಊರಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕತೆ ಬೇಕಾ?

ಕೋಟದ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಅಂತ ಮೂರು ಸಂಪುಟಗಳ ವಿಶ್ವಕೋಶವನ್ನೇ ಮಾಡಿದರು. ಪುತ್ತೂರಿನಲ್ಲಿ ಅವರ ಬಾಲವನ ಈಗಲೂ ಇದೆ, ರಜೆಯಲ್ಲಿ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಬಹುದು.

ಬೊಳುವಾರು ಮಹಮದ್ ಕುಂಞಿ ಪುತ್ತೂರಿನ ಕಡೆಯವರು. ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ'ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ದೊಡ್ಡವನಾಗುವ ಕತೆ ಅಂದರೆ ಇದು. ಇಲ್ಲಿರುವುದು ನೋಟಿನ ಮೇಲಿನ ಗಾಂಧಿಯಲ್ಲ, ಹೆದರುವ, ತಪ್ಪು ಮಾಡುವ ಹುಡುಗ. ಕನ್ನಡದ ಶಿಶುಗೀತೆಗಳನ್ನು ಒಟ್ಟು ಮಾಡಿದ 'ತಟ್ಟು ಚಪ್ಪಾಳೆ ಪುಟ್ಟ ಮಗು' ಕೂಡ ಅವರದ್ದೇ ಸಂಪಾದನೆ. ಮನೆಯಲ್ಲಿ ಸಣ್ಣ ಮಗು ಇದ್ದರೆ ಮೊದಲು ಇದನ್ನು ತನ್ನಿ.

ಇನ್ನು ಕುಂದಾಪುರದಲ್ಲಿ ಹುಟ್ಟಿದ ವೈದೇಹಿ. ಮಕ್ಕಳಿಗೆ ಅವರು ಬರೆದ ನಾಟಕಗಳು ಓದಲೂ ಚಂದ, ಆಡಲೂ ಚಂದ. 'ನಾಯಿಮರಿ ನಾಟಕ', 'ಮೂಕನ ಮಕ್ಕಳು', 'ಗೊಂಬೆ ಮ್ಯಾಕ್‌ಬೆತ್', 'ಧಾಂ ಧೂಂ ಸುಂಟರಗಾಳಿ'. ಓದಲು ಕೂರದ ಹುಡುಗರಿಗೆ ನಾಟಕವೇ ಮದ್ದು. ಎರಡು ಬೆಡ್‌ಶೀಟು, ಒಂದು ಹಗ್ಗ, ಚಾವಡಿ ಸಾಕು. ಮಳೆ ರಜೆ ಮುಗಿಯುವಷ್ಟರಲ್ಲಿ ಪ್ರದರ್ಶನ ತಯಾರು.

ಕಾಮಿಕ್ಸ್ ಬಿಟ್ಟರೆ ಬೇರೆ ಓದಲ್ಲ. ಅದು ಓದು ಅಂತ ಲೆಕ್ಕವಾ?

ಲೆಕ್ಕವೇ. ಅಮರ ಚಿತ್ರ ಕಥೆಯನ್ನು 1967ರಲ್ಲಿ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ರಾಮನ ತಾಯಿಯ ಹೆಸರು ಕೇಳಿದರೆ ಮಕ್ಕಳಿಗೆ ಗೊತ್ತಿಲ್ಲ, ಗ್ರೀಕ್ ದೇವರುಗಳ ಹೆಸರು ಮಾತ್ರ ಗೊತ್ತು ಅಂತ ಒಂದು ಕ್ವಿಜ್ ನೋಡಿ ಅವರಿಗೆ ಬೇಸರವಾಯಿತಂತೆ. ಟಿಂಕಲ್ ಶುರುವಾದದ್ದು 1980ರಲ್ಲಿ. ಕಾಮಿಕ್ಸ್ ಓದುವವನನ್ನು ಬೈದರೆ ಅವನು ಕಥೆಪುಸ್ತಕಕ್ಕೆ ಬರುವುದಿಲ್ಲ, ಮೊಬೈಲಿಗೆ ಹೋಗುತ್ತಾನೆ.

ಯುದ್ಧ, ಬಡತನದ ಕತೆಗಳೆಲ್ಲ ಈಗಲೇ ಯಾಕೆ? ದೊಡ್ಡವರಾದ ಮೇಲೆ ಗೊತ್ತಾಗುತ್ತದಲ್ಲ?

ಟಿ.ವಿ. ಸುದ್ದಿ ಮನೆಯಲ್ಲಿ ನಡೆಯುತ್ತಿರುವಾಗ ಮಕ್ಕಳಿಗೆ ಈಗಲೇ ಗೊತ್ತಾಗುತ್ತಿದೆ ಮಾರಾಯ್ರೆ. ಸುದ್ದಿಯಲ್ಲಿ ಹೊಗೆ ಮಾತ್ರ ಕಾಣುತ್ತದೆ, ಪುಸ್ತಕದಲ್ಲಿ ಒಂದು ಮಗು ಕಾಣುತ್ತದೆ.

ಕೆನಡಾದ ಡೆಬೊರಾ ಎಲಿಸ್ 2000ದಲ್ಲಿ ಬರೆದ 'ದ ಬ್ರೆಡ್‌ವಿನ್ನರ್'ನಲ್ಲಿ ಕಾಬೂಲಿನ ಹನ್ನೊಂದು ವರ್ಷದ ಪರ್ವಾನಾ ಇದ್ದಾಳೆ. ತಾಲಿಬಾನಿಗಳು ಅಪ್ಪನನ್ನು ಹಿಡಿದುಕೊಂಡು ಹೋಗುತ್ತಾರೆ. ಹೆಂಗಸರು ಒಬ್ಬರೇ ಹೊರಗೆ ಹೋಗುವ ಹಾಗಿಲ್ಲ. ಕೂದಲು ಕತ್ತರಿಸಿ, ತೀರಿಕೊಂಡ ಅಣ್ಣನ ಬಟ್ಟೆ ಹಾಕಿ, ಹುಡುಗನ ವೇಷದಲ್ಲಿ ಮಾರ್ಕೆಟಿನಲ್ಲಿ ಕೂತು ಓದು ಬಾರದವರಿಗೆ ಪತ್ರ ಓದಿ ಕೊಡುತ್ತಾಳೆ. ಅಲ್ಲೇ ಅವಳ ಹಾಗೇ ವೇಷ ಹಾಕಿದ ಹಳೇ ಸಹಪಾಠಿಯೊಬ್ಬಳು ಸಿಗುತ್ತಾಳೆ. ಅವರ ಗೆಳೆತನವೇ ಪುಸ್ತಕದ ಜೀವ.

ಲಿಂಡಾ ಸ್ಯೂ ಪಾರ್ಕ್ ಅವರ 'ಎ ಲಾಂಗ್ ವಾಕ್ ಟು ವಾಟರ್', 2010. ಸೂಡಾನಿನ ಇಬ್ಬರು ಮಕ್ಕಳ ಕತೆ. ನ್ಯಾ ದಿನಕ್ಕೆ ಎರಡು ಸಲ ನೀರಿಗಾಗಿ ನಡೆಯುತ್ತಾಳೆ. ಸಾಲ್ವಾ 1985ರಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ದೇಶ ದೇಶ ನಡೆಯುತ್ತಾನೆ. ಸಾಲ್ವಾ ನಿಜವಾದ ವ್ಯಕ್ತಿ. ಎರಡು ಕತೆ ಕೊನೆಯಲ್ಲಿ ಎಲ್ಲಿ ಸೇರುತ್ತವೆ ಅಂತ ನಾನು ಹೇಳುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನಮ್ಮ ಊರಲ್ಲೂ ತುಂಬೆ ಅಣೆಕಟ್ಟಿನ ನೀರು ಇಳಿದ ಮೇ ತಿಂಗಳಲ್ಲಿ ಈ ಪುಸ್ತಕ ಕೊಟ್ಟರೆ ಬೇಗ ನಾಟುತ್ತದೆ.

ಇನ್ನೊಂದು ತೆಳ್ಳಗಿನ ಪುಸ್ತಕ, ಬೆವರ್ಲಿ ನಾಯ್ಡು ಅವರ 'ಜರ್ನಿ ಟು ಜೋಬರ್ಗ್', 1985. ತಂಗಿಗೆ ಕಾಯಿಲೆ, ಅಮ್ಮ ದೂರದ ಜೋಹಾನ್ಸ್‌ಬರ್ಗಿನಲ್ಲಿ ಮನೆಗೆಲಸಕ್ಕಿದ್ದಾಳೆ. ಅಕ್ಕ, ತಮ್ಮ ಇಬ್ಬರೇ ಅವಳನ್ನು ಕರೆತರಲು ಹೊರಡುತ್ತಾರೆ. ದಕ್ಷಿಣ ಆಫ್ರಿಕಾದ ಸರಕಾರ ಇದನ್ನು 1991ರವರೆಗೆ ನಿಷೇಧಿಸಿತ್ತು. ಮಕ್ಕಳ ಪುಸ್ತಕಕ್ಕೆ ಸರಕಾರ ಹೆದರಿತ್ತು ಅಂತ ಹೇಳಿ ಕೊಡಿ, ಒಂದೇ ಉಸಿರಿಗೆ ಓದುತ್ತಾರೆ.

ಓದಿದ ಮೇಲೆ ನೀತಿ ಏನು ಅಂತ ಕೇಳಬೇಕಾ?

ಬೇಡ. ಪರೀಕ್ಷೆ ಶಾಲೆಯಲ್ಲೇ ಸಾಕಷ್ಟಿದೆ.

ರಸ್ಕಿನ್ ಬಾಂಡ್ ಅವರ 'ದ ಬ್ಲೂ ಅಂಬ್ರೆಲಾ' ತೆಗೆದುಕೊಳ್ಳಿ. ಗಢವಾಲದ ಹುಡುಗಿ ಬಿನ್ಯಾ ತನ್ನ ಕತ್ತಿನ ಚಿರತೆಯುಗುರಿನ ಸರ ಕೊಟ್ಟು ಪ್ರವಾಸಿಗಳಿಂದ ನೀಲಿ ಕೊಡೆ ಪಡೆಯುತ್ತಾಳೆ. ಅಂಗಡಿಯ ರಾಮ್ ಭರೋಸೆಗೆ ಆ ಕೊಡೆಯ ಮೇಲೆ ಕಣ್ಣು. ಕದಿಸಲು ನೋಡಿ ಸಿಕ್ಕಿಬೀಳುತ್ತಾನೆ. ಊರವರು ಅವನ ಅಂಗಡಿಗೆ ಹೋಗುವುದನ್ನೇ ಬಿಡುತ್ತಾರೆ. ಕೊನೆಗೆ ಬಿನ್ಯಾ ಆ ಕೊಡೆಯನ್ನು ಅವನಿಗೇ ಬಿಟ್ಟುಬಿಡುತ್ತಾಳೆ. ನೀತಿ ಏನು ಅಂದರೆ ಮಗು "ಕದಿಯಬಾರದು" ಅಂತ ಪಟಕ್ಕನೆ ಹೇಳಿ ಓಡುತ್ತದೆ. "ನೀನಾದರೆ ಕೊಡೆ ಕೊಡುತ್ತಿದ್ದೆಯಾ?" ಅಂತ ಕೇಳಿ. ಹೆಚ್ಚಿನವರು ಕೊಡುವುದಿಲ್ಲ ಅನ್ನುತ್ತಾರೆ. ನನಗೆ ಅದೇ ಪ್ರಾಮಾಣಿಕ ಉತ್ತರ.

ಹುಡುಗರಿಗೆ ಹುಡುಗಿಯರ ಕತೆ ಹಿಡಿಸುತ್ತದಾ?

ಮುಖಪುಟ ತೋರಿಸದೆ ಓದಿ ಹೇಳಿ. ಆಸ್ಟ್ರಿಡ್ ಲಿಂಡ್‌ಗ್ರೆನ್ 1945ರಲ್ಲಿ ಬರೆದ ಪಿಪ್ಪಿ ಕುದುರೆಯನ್ನು ಎತ್ತಿ ಕೆಳಗಿಳಿಸುತ್ತಾಳೆ ಅಂದ ಮೇಲೆ ಯಾವ ಹುಡುಗನೂ ಎದ್ದು ಹೋಗಿಲ್ಲ.

ಹೈಸ್ಕೂಲಿನವರಿಗೆ?

ನಿರಂಜನರ 'ಚಿರಸ್ಮರಣೆ', 1955. ಕತೆ ನಡೆಯುವ ಕಯ್ಯೂರು ಇಲ್ಲೇ ಕಾಸರಗೋಡಿನ ಕಡೆ. ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರು ಶಾಲೆಗೆ ಹೋಗುತ್ತಾ, ಮೇಷ್ಟ್ರ ಮಾತು ಕೇಳುತ್ತಾ, ರೈತರ ಹೋರಾಟದಲ್ಲಿ ದೊಡ್ಡವರಾಗುತ್ತಾರೆ. 1941ರಲ್ಲಿ ಅಲ್ಲಿ ಪೊಲೀಸನೊಬ್ಬ ಸತ್ತ ಘಟನೆಗಾಗಿ ನಾಲ್ವರನ್ನು 1943ರ ಮಾರ್ಚ್ 29ರಂದು ಗಲ್ಲಿಗೇರಿಸಿದರು. ಭಾರವಾದ ಪುಸ್ತಕ, ಒಂಬತ್ತನೇ ಕ್ಲಾಸಿನ ಮೇಲೆ ಸರಿ.

ಹಗುರವಾಗಿ ಬೇಕಾದರೆ ತೇಜಸ್ವಿಯವರ 'ಪರಿಸರದ ಕತೆ'. ಕಿವಿ ಎಂಬ ನಾಯಿಯ ಜೊತೆ ಕಾಡು ಸುತ್ತುವುದನ್ನು ಓದಿದ ಮೇಲೆ ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳೂ ಇನ್ನೊಂದು ಉಂಟಾ ಅಂತ ಕೇಳುತ್ತಾರೆ. ಆಗ 'ಕರ್ವಾಲೊ' ಕೊಡಿ.

ಆಂಟಿ, ಕೊನೆಯ ಪುಟ ಮೊದಲು ಓದಿದರೆ ತಪ್ಪಾ?

ಇಲ್ಲ ಮಗಾ. ನಾಯಿ ಸಾಯುತ್ತದೋ ಇಲ್ಲವೋ ಅಂತ ನಾನೂ ಮೊದಲು ನೋಡಿಕೊಳ್ಳುತ್ತೇನೆ.

ಪುಸ್ತಕ ಎಲ್ಲಿ ಸಿಗುತ್ತದೆ? ಎಲ್ಲ ಕೊಳ್ಳಲು ಆಗುವುದಿಲ್ಲ.

ಕೊಳ್ಳಬೇಡಿ. ಮಂಗಳೂರಿನಲ್ಲಿ ಬಾವುಟಗುಡ್ಡೆಯ ನಗರ ಕೇಂದ್ರ ಗ್ರಂಥಾಲಯ, ಉಡುಪಿಯಲ್ಲಿ ಅಜ್ಜರಕಾಡಿನದ್ದು. ಹಳ್ಳಿಯಲ್ಲಿದ್ದರೆ ಪಂಚಾಯತಿನ ಗ್ರಂಥಾಲಯ, ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಶಾಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮಗುವಿನ ಹೆಸರಿನಲ್ಲೇ ಕಾರ್ಡ್ ಮಾಡಿಸಿ, ಪುಸ್ತಕ ಅದೇ ಆರಿಸಲಿ. ಕೊಳ್ಳುವುದೇ ಆದರೆ ಕನ್ನಡಕ್ಕೆ ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್ ಎರಡೂ ಜೇಬಿಗೆ ಹಿತ. ಅಪಾರ್ಟ್‌ಮೆಂಟಿನವರು ನಾಲ್ಕು ಮನೆ ಸೇರಿ ಬದಲಾಯಿಸಿಕೊಂಡರೆ ಇನ್ನೂ ಒಳ್ಳೆಯದು. ಪುಸ್ತಕದ ಮೊದಲ ಪುಟದಲ್ಲಿ ಫೋನ್ ನಂಬರ್ ಬರೆದಿಡಿ, ಹೆಸರು ಮಾತ್ರ ಬರೆದರೆ ವಾಪಸು ಬರುವುದಿಲ್ಲ.

ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಉಪಾಯ ಉಂಟಾ?

ಉಂಟು. ಕಪಾಟನ್ನು ಹೊರಗೋಡೆಗೆ ಒತ್ತಿಸಿ ಇಡಬೇಡಿ, ಒಂದು ಕೈ ಹೋಗುವಷ್ಟು ಜಾಗ ಬಿಡಿ. ಪುಸ್ತಕಗಳನ್ನು ಇಕ್ಕಟ್ಟಾಗಿ ತುರುಕಬೇಡಿ, ಗಾಳಿ ಆಡಬೇಕು. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಕಪಾಟಿನ ಮೂಲೆಗೆ ಹಾಕಿ. ಆದರೆ ಸಣ್ಣ ಮಕ್ಕಳ ಕೈಗೆ ಎಟುಕಬಾರದು. ಒಣಗಿದ ಬೇವಿನ ಎಲೆ ಇಟ್ಟರೆ ಬೆಳ್ಳಿ ಬಣ್ಣದ ಹುಳ ಸ್ವಲ್ಪ ದೂರ. ಹಸಿ ಎಲೆ ಮಾತ್ರ ಬೇಡ, ಅದರಿಂದಲೇ ತೇವ. ಬೂಷ್ಟು ಬಂದೇ ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಣಗಿಸಿ, ಒಣ ಬ್ರಷ್ಷಿನಲ್ಲಿ ಮನೆಯ ಹೊರಗೆ ಕೊಡವಿ. ಸೆಪ್ಟೆಂಬರಿನಲ್ಲಿ ಬಿಸಿಲು ಕಂಡ ದಿನ ಎಲ್ಲವನ್ನೂ ಹೊರಗೆ ತೆಗೆದು, ನೆರಳು ಬಿಸಿಲು ಬೆರೆತ ಜಗಲಿಯಲ್ಲಿ ಪುಟ ಬಿಚ್ಚಿ ನಿಲ್ಲಿಸಿ. ಸುಡುಬಿಸಿಲಿಗೆ ಇಟ್ಟರೆ ಅಂಟು ಬಿಟ್ಟು ಹಾಳೆ ಉದುರುತ್ತದೆ. ಈ ಕೆಲಸಕ್ಕೆ ಮಕ್ಕಳನ್ನೇ ಹಚ್ಚಿ. ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಯಾಕೆಂದರೆ ಕೈಗೆ ಸಿಕ್ಕಿದ್ದನ್ನು ಅಲ್ಲೇ ಕೂತು ಓದಲು ಶುರು ಮಾಡುತ್ತಾರೆ. ಉಳಿದರ್ಧ ನಿಮಗೆ.